ದಾರಿಯ ಗುರುತುಗಳು

ದಾರಿ ಕೇಳಿದವರಿಗೆ ನಮ್ಮ ಜನ ಉತ್ತರ, ದಕ್ಷಿಣ ಎಂದು ಹೇಳುವುದು ಅಪರೂಪ. ‘ಅರಳೀಕಟ್ಟೆ ದಾಟಿ, ಹಿಟ್ಟಿನ ಗಿರಣಿಯ ಪಕ್ಕದ ಓಣಿಗೆ ಹೊರಳಿ’ ಎನ್ನುತ್ತಾರೆ. ಮಕ್ಕಳೂ ದಾರಿ ಕಲಿಯುವುದು ಹೀಗೆಯೇ. ಆದರೆ ಎಷ್ಟೋ ತರಗತಿಗಳಲ್ಲಿ ಪಾಠದ ಕ್ರಮ ತಿರುಗುಮುರುಗು: ಮೊದಲು ದಿಕ್ಕು, ಅಳತೆ, ನಕ್ಷೆ, ಮಗುವಿನ ಸ್ವಂತ ಬೀದಿ ಕೊನೆಗೆ. ಇದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಗು ಮೊದಲು ಗುರುತುಗಳನ್ನು, ಬಳಿಕ ಅವುಗಳನ್ನು ಬೆಸೆಯುವ ದಾರಿಯನ್ನು, ಕೊನೆಗೆ ಇಡೀ ಊರಿನ ಚಿತ್ರವನ್ನು ಕಲಿಯುತ್ತದೆ ಎಂದು ಅಮೆರಿಕದ ಸೀಗಲ್ ಮತ್ತು ವೈಟ್ 1975ರಲ್ಲಿ ಪ್ರತಿಪಾದಿಸಿದರು. ಇವು ಕಟ್ಟುನಿಟ್ಟಾಗಿ ಒಂದಾದ ಮೇಲೊಂದು ಬರುವುದಿಲ್ಲ, ಜೊತೆಜೊತೆಗೂ ಬೆಳೆಯುತ್ತವೆ ಎಂದು ಮುಂದಿನ ಸಂಶೋಧಕರು ತಿದ್ದಿದ್ದಾರೆ. ಆದರೂ ಗುರುತುಗಳ ಮಹತ್ವವೇನೂ ಕುಗ್ಗಿಲ್ಲ.

ಗುರುತುಗಳಲ್ಲಿಯೂ ಎರಡು ಬಗೆ. ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆಯ ಬಳಿಯ ಚಿಕ್ಕ ಗಡಿಯಾರ, ಪುರಭವನದ ಬಳಿಯ ದೊಡ್ಡ ಗಡಿಯಾರಗಳು ಎಲ್ಲಿ ತಿರುಗಬೇಕೆಂದು ತಿಳಿಸುತ್ತವೆ. ಚಾಮುಂಡಿ ಬೆಟ್ಟವಾದರೋ ದೂರದಿಂದಲೇ ಕಂಡು, ದಿಕ್ಕನ್ನು ತಿಳಿಸುತ್ತದೆ. ‘ಆಗ್ನೇಯ’ ಎಂಬ ಪದವನ್ನು ಅಲ್ಲಿನ ಮಗುವಿಗೆ ಬೆಟ್ಟವನ್ನು ತೋರಿಸಿಯೇ ಕಲಿಸಬಹುದು.

ಎಳೆಯರ ಕಣ್ಣನ್ನು ಸೆಳೆಯುವುದು ಮಲಗಿದ ನಾಯಿ, ಬಲೂನು ಮಾರುವವನು. ನಾಳೆ ಅವು ಅಲ್ಲಿರಲಾರವು. ಕದಲದ ವಸ್ತುವನ್ನು, ಅದರಲ್ಲಿಯೂ ತಿರುವಿನಲ್ಲಿರುವುದನ್ನು ಆರಿಸಿಕೊಳ್ಳುವ ವಿವೇಕ ನಡೆದು ನಡೆದೇ ಬರಬೇಕು. ಹೋಗುವಾಗ ಕಂಡ ಬೀದಿ ಬರುವಾಗ ಬೇರೆಯೇ ಆಗಿ ತೋರುತ್ತದೆ; ಆದ್ದರಿಂದ ತಿರುವುಗಳಲ್ಲಿ ಒಮ್ಮೆ ಹಿಂದಿರುಗಿ ನೋಡುವ ಅಭ್ಯಾಸವನ್ನೂ ಮಾಡಿಸಬೇಕು.

ಮನೆಯ ಬಾಗಿಲಲ್ಲಿ ವ್ಯಾನು ಹತ್ತಿ ಶಾಲೆಯ ಬಾಗಿಲಲ್ಲಿ ಇಳಿಯುವ ಮಗುವಿಗೆ ನಡುವಿನ ಊರೆಲ್ಲ ಕಿಟಕಿಯಲ್ಲಿ ಸರಿದುಹೋಗುವ ಚಿತ್ರವಷ್ಟೇ. ಜಾತ್ರೆಯಲ್ಲಿ ಹಿರಿಯರ ಕೈ ತಪ್ಪಿದರೆ, ತನ್ನ ಮನೆ ಯಾವುದರ ಸಮೀಪವೆಂದು ಅದು ಹೇಳಬಲ್ಲದೇ? ಮೊಬೈಲು ದಾರಿ ತೋರಿಸೀತು, ನಿಜ. ಆದರೆ ತೋರಿಸಿದ ದಾರಿಯಲ್ಲಿ ಹೋಗುವುದು ಬೇರೆ, ದಾರಿಯನ್ನು ಅರಿಯುವುದು ಬೇರೆ.

ಇಂದಿನ ವಾಹನ ಸಂಚಾರದಲ್ಲಿ ಮಕ್ಕಳನ್ನು ಒಂಟಿಯಾಗಿ ಕಳುಹಿಸಿರೆಂದು ನಾನು ಹೇಳುತ್ತಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಂದಿರು. ಅವರಲ್ಲಿ ನನ್ನದೊಂದು ಕೋರಿಕೆ: ವಾರಕ್ಕೊಮ್ಮೆಯಾದರೂ ಮಗುವಿನೊಡನೆ ಅಂಗಡಿಗೋ ಗುಡಿಗೋ ನಡೆದು ಹೋಗಿ. ಹೋಗುವಾಗ ದಾರಿ ನಿಮ್ಮದಿರಲಿ, ಬರುವಾಗ ಮಗುವಿನದಾಗಲಿ. ರಸ್ತೆ ದಾಟುವಲ್ಲಿ ಕೈ ಹಿಡಿಯಿರಿ. ಆದರೆ ಅದು ತಪ್ಪು ಓಣಿಗೆ ಹೊರಳಿದರೆ ಕೂಡಲೇ ತಿದ್ದಬೇಡಿ. ಸುಮ್ಮನೆ ಜೊತೆಯಲ್ಲಿ ನಡೆಯಿರಿ. ಎಲ್ಲಿ ತಪ್ಪಿತೆಂಬುದನ್ನು ಅದೇ ಕಂಡುಕೊಳ್ಳಲಿ.