ಉಪ್ಪುನೀರೂ ಬಡವನ ಉಸಿರೂ

ಕ್ಷಯರೋಗಿಯು ಆರು ತಿಂಗಳು ಗುಳಿಗೆ ನುಂಗಿ ಮುಗಿಸಿದ ದಿನ ಸರಕಾರದ ಲೆಕ್ಕದಲ್ಲಿ ಗುಣವಾದವನು. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000 ರೂಪಾಯಿಯಂತೆ ಗೊತ್ತುಮಾಡಿರುವ ಸಹಾಯವೂ ಅಲ್ಲಿಗೆ ಮುಗಿಯುತ್ತದೆ. ಆದರೆ ಕೆಮ್ಮು ಮುಗಿಯುತ್ತದೆಯೇ? ಎಷ್ಟೋ ಮಂದಿಗೆ ಮುಗಿಯುವುದಿಲ್ಲ. ರೋಗಾಣು ಸತ್ತಿರುತ್ತದೆ, ಅದು ಕೆಡಿಸಿಹೋದ ಶ್ವಾಸನಾಳಗಳು ಹಿಗ್ಗಿ ಕಫ ನಿಲ್ಲುವ ಗುಂಡಿಗಳಾಗಿರುತ್ತವೆ. ವೈದ್ಯರು ಇದನ್ನು ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಭಾರತದ ಇಂಥ 2,195 ರೋಗಿಗಳ ದಾಖಲೆಯೊಂದು 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಮೂಲ ಕಾರಣ, ಹಿಂದೆ ಬಂದುಹೋದ ಕ್ಷಯ.

ಈ ಕಫವನ್ನು ಸಡಿಲಿಸಲು ಉಪ್ಪುನೀರನ್ನು ಯಂತ್ರದಿಂದ ಮಂಜಿನಂತೆ ಮಾಡಿ ಉಸಿರಿನೊಡನೆ ಎಳೆದುಕೊಳ್ಳುವ ಚಿಕಿತ್ಸೆಯಿದೆ. ಇದರ ಮರ್ಮ ನಮ್ಮ ಹೆಂಗಸರಿಗೆಲ್ಲ ಗೊತ್ತು. ಮಾವಿನ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದೆ. ಹಾಗೆಯೇ ಉಪ್ಪು ಶ್ವಾಸನಾಳದ ಗೋಡೆಯಿಂದ ನೀರನ್ನೆಳೆಯುತ್ತದೆ, ಅಂಟಿದ ಕಫ ತೆಳುವಾಗುತ್ತದೆ, ಕೆಮ್ಮಿದರೆ ಹೊರಬರುತ್ತದೆ.

ಆಸ್ಟ್ರೇಲಿಯಾದಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದವರಲ್ಲಿ ಕಡಲಲೆಗಳ ಮೇಲೆ ಹಲಗೆಯೇರಿ ಆಡುವವರ ಉಸಿರು ಮಿಕ್ಕವರಿಗಿಂತ ಹಗುರಾಗಿರುವುದು ವೈದ್ಯರ ಕಣ್ಣಿಗೆ ಬಿತ್ತು. ಮುಂದೆ 164 ರೋಗಿಗಳ ಮೇಲೆ 48 ವಾರ ಪರೀಕ್ಷೆ ನಡೆದು, ಫಲ 2006ರಲ್ಲಿ ಪ್ರಕಟವಾಯಿತು. ಸಮುದ್ರದ ನೀರಿಗಿಂತ ಇಮ್ಮಡಿ ಉಪ್ಪಾದ, ನೂರಕ್ಕೆ 7ರ ನೀರನ್ನು ದಿನಕ್ಕೆರಡು ಬಾರಿ ಎಳೆದುಕೊಂಡವರಲ್ಲಿ ರೋಗ ಉಲ್ಬಣಿಸುವುದು ಅರ್ಧಕ್ಕಿಂತ ಕಡಿಮೆಯಾಯಿತು.

ಇದನ್ನು ಓದಿ ಯಾರೂ ಅಡುಗೆಮನೆಗೆ ಓಡಬೇಡಿ. ಮನೆಯ ಉಪ್ಪು, ನಲ್ಲಿಯ ನೀರು ಸೇರಿಸಿ ಯಂತ್ರಕ್ಕೆ ಹಾಕಿದರೆ ಹೊಸ ರೋಗಾಣುವನ್ನು ನಾವೇ ಶ್ವಾಸಕೋಶಕ್ಕೆ ಕಳಿಸಿದಂತೆ. ನೀರು ಕ್ರಿಮಿರಹಿತವಾಗಿರಬೇಕು. ಕೆಲವರಿಗೆ ಉಪ್ಪಿನಿಂದ ಶ್ವಾಸನಾಳ ಬಿಗಿಯುತ್ತದೆ. ಆದ್ದರಿಂದ ಮೊದಲ ಸಲ ವೈದ್ಯರ ಮುಂದೆಯೇ, ನಾಳ ಅಗಲಿಸುವ ಔಷಧ ಕೊಟ್ಟ ಮೇಲೆಯೇ ಆಗಬೇಕು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹುಟ್ಟುರೋಗದವರಿಗೆ ಒಗ್ಗಿದ್ದು ಬ್ರಾಂಕಿಯೆಕ್ಟಾಸಿಸ್ ರೋಗಿಗೂ ಅಷ್ಟೇ ಒಗ್ಗೀತೆಂಬ ಭರವಸೆಯಿಲ್ಲ. ಬ್ರಿಟನ್ನಿನಲ್ಲಿ 288 ಮಂದಿಯ ಮೇಲೆ ಒಂದು ವರ್ಷ ನಡೆದ ಪರೀಕ್ಷೆಯ ಫಲ 2025ರಲ್ಲಿ ಹೊರಬಂತು. ಉಪ್ಪುನೀರಿನಿಂದ ಉಲ್ಬಣಗಳು ಗಣನೀಯವಾಗಿ ತಗ್ಗಲಿಲ್ಲ.

ಹಾಗಾದರೆ ಈ ಲೇಖನವೇಕೆ ಎಂದು ಕೇಳುವವರಿದ್ದಾರೆ. ಅಲ್ಲಿ ಎರಡು ಕಡೆಯ ರೋಗಿಗಳಿಗೂ ರೂಢಿಯ ಆರೈಕೆ ಇತ್ತು. ಅದರ ಮೇಲೆ ಉಪ್ಪುನೀರು ಏನನ್ನು ಕೂಡಿಸೀತು ಎಂಬುದೇ ಅಲ್ಲಿನ ಪ್ರಶ್ನೆ. ನಮ್ಮ ಹಳ್ಳಿಯ ಕೂಲಿಗಾರನಿಗೆ ಆ ರೂಢಿಯ ಆರೈಕೆಯೇ ಇಲ್ಲ! ಯಾವ ಮಗ್ಗುಲಿಗೆ ಮಲಗಿದರೆ ಕಫ ಇಳಿದೀತು, ಹೇಗೆ ಉಸಿರೆಳೆದು ಹೇಗೆ ಹೊರಹಾಕಬೇಕು ಎಂಬುದನ್ನು ಅವನಿಗೆ ಕಲಿಸಿದವರು ಯಾರು? ನಾನು ಮೇಷ್ಟರಾಗಿದ್ದವನು, ಕಲಿಸುವುದಕ್ಕೆ ಎಷ್ಟು ಖರ್ಚೆಂದು ಬಲ್ಲೆ. ಒಬ್ಬ ಮನುಷ್ಯ, ಒಂದು ಬೆಂಚು, ಅರ್ಧ ಗಂಟೆಯ ತಾಳ್ಮೆ, ಇಷ್ಟೇ.

ನಮ್ಮ ಬೇಡಿಕೆ ದೊಡ್ಡದಲ್ಲ. ಕ್ಷಯದ ಗುಳಿಗೆ ಮುಗಿಸಿದ ಪ್ರತಿಯೊಬ್ಬರ ಉಸಿರಿನ ಬಲವನ್ನೂ ಅಳೆಯಬೇಕು. ಕಫ ಹೊರಹಾಕುವ ವ್ಯಾಯಾಮ ಕಲಿಸುವವರು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಬೇಕು. ಯಾರಿಗೆ ಉಪ್ಪುನೀರು ಹಿತವೆಂದು ವೈದ್ಯರು ಕಂಡುಕೊಳ್ಳುತ್ತಾರೋ ಅವರಿಗೆ ಶುದ್ಧ ನೀರೂ ಯಂತ್ರವೂ ಉಚಿತವಾಗಿ ಸಿಗಬೇಕು.

ರೋಗಾಣು ಸತ್ತ ದಿನ ಕಡತ ಮುಚ್ಚಿದರೆ ಸಾಲದು. ಮನುಷ್ಯ ಏದುಸಿರಿಲ್ಲದೆ ಹೊಲಕ್ಕೆ ನಡೆದುಹೋಗುವ ದಿನ ಗುಣವಾಯಿತೆನ್ನೋಣ.