ಕಾಡ್ಗಿಚ್ಚು ಆರಿಸುವವರಿಗೆ ತರಬೇತಿ ಕೊಡಿ



2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಬೂದಿಯಾದಾಗ ಬೆಂಕಿ ಆರಿಸಲು ಬೇರೆ ಬೇರೆ ಊರುಗಳಿಂದ ಯುವಕರು ಧಾವಿಸಿದರು. ಅವರ ಕಾಳಜಿ ದೊಡ್ಡದು. ಆದರೆ ಹಸಿ ಸೊಪ್ಪು ಹಿಡಿದು ಬಡಿದರೆ ಮುಗಿಯುವ ಕೆಲಸ ಇದಲ್ಲ. ಒಣಗಿದ ಲಂಟಾನ ಪೊದೆಗೆ ಕಿಡಿ ತಾಗಿದರೆ ಜ್ವಾಲೆ ಆಳೆತ್ತರ ಮೀರುತ್ತದೆ. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ; ಗಾಳಿ ತಿರುಗಿದರೆ ಗುಡ್ಡದ ಮೇಲೆ ನಿಂತವರಿಗೆ ತಪ್ಪಿಸಿಕೊಳ್ಳಲು ಹೊತ್ತಿರುವುದಿಲ್ಲ. ಪಾಲಿಯೆಸ್ಟರ್ ಅಂಗಿ ಕರಗಿ ಮೈಗಂಟುತ್ತದೆ, ಹತ್ತಿ ಬಟ್ಟೆಯೇ ವಾಸಿ. ಆಗಲೇ ಸುಟ್ಟು ಕರಕಲಾದ ಜಾಗವೇ ಎಷ್ಟೋ ಸಲ ಜೀವ ಉಳಿಸುತ್ತದೆ. ಇದನ್ನೆಲ್ಲ ಹೇಳಿಕೊಡದೆ ಹುಡುಗರನ್ನು ಕಾಡಿಗೆ ಬಿಡುವುದು ತಪ್ಪು. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಕಾಡೇ ಕೆಲಸವಾಗಿದ್ದ ಅರಣ್ಯ ರಕ್ಷಕರೊಬ್ಬರೇ ಸುಟ್ಟಗಾಯಗಳಿಂದ ಪ್ರಾಣ ಕಳೆದುಕೊಂಡರು.

ಬೆಂಗಳೂರಿನಲ್ಲಿ ಅಗ್ನಿಶಾಮಕ ಇಲಾಖೆಯ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ. ಅಲ್ಲಿನ ಬೋಧಕರು ಅರಣ್ಯ ಸಿಬ್ಬಂದಿಯೊಂದಿಗೆ ಸೇರಿ ಕಾಡಂಚಿನ ತಾಲ್ಲೂಕುಗಳಲ್ಲಿ ಡಿಸೆಂಬರ್ ಹೊತ್ತಿಗೇ ಶಿಬಿರ ನಡೆಸಲಿ. ಬೆಂಕಿರೇಖೆ ತೆಗೆಯುವುದು, ಸುಟ್ಟಗಾಯಕ್ಕೆ ಪ್ರಥಮ ಚಿಕಿತ್ಸೆ ಮಾಡುವುದು ಕಲಿಸಿ, ದೇಹದಾರ್ಢ್ಯ ಪರೀಕ್ಷಿಸಿಯೇ ಪ್ರಮಾಣಪತ್ರ ಕೊಡಲಿ. ಅದು ಗೋಡೆಗೆ ನೇತುಹಾಕುವ ಕಾಗದವಾಗಬಾರದು: ಎರಡು ವರ್ಷಕ್ಕೊಮ್ಮೆ ಮರುಪರೀಕ್ಷೆ ಇರಲಿ, ಪಡೆದವರಿಗೆ ವಿಮೆಯೂ ಸಿಗಲಿ. ಕಾಡಿನ ಮೂಲೆಮೂಲೆ ಬಲ್ಲ ಸೋಲಿಗರನ್ನು, ಜೇನುಕುರುಬರನ್ನು ಗೌರವಧನ ಕೊಟ್ಟು ಕಲಿಸುವವರ ಸಾಲಿನಲ್ಲೇ ಕೂರಿಸಬೇಕು.

ಬರುವ ಬೇಸಿಗೆಗೆ ಮುನ್ನವೇ ಸರ್ಕಾರ ಇದಕ್ಕೆ ಹಣ ತೆಗೆದಿಟ್ಟು ಶಿಬಿರಗಳನ್ನು ಆರಂಭಿಸಬೇಕೆಂದು ವಿನಂತಿ.

– ಓದುಗ, ಗುಂಡ್ಲುಪೇಟೆ