ಹಣ್ಣು ಹಂಚಿದ್ದು ಸಾಕು, ವಾರಕ್ಕೊಂದು ತಾಸು ಕೂತು ಮಾತಾಡಿ

ಆಗಸ್ಟ್ 15, ಅಕ್ಟೋಬರ್ 1, ಇಲ್ಲವೇ ಯಾರೋ ನಾಯಕರ ಹುಟ್ಟುಹಬ್ಬ. ಇಂಥ ದಿನಗಳಲ್ಲಿ ಕಲಬುರಗಿ ವರದಿಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಖಾಯಂ ಬರುತ್ತದೆ. ಸಾಲಾಗಿ ಕೂತ ಮುತ್ಯಾಗಳು, ಆಯಿಗಳು. ಕೈಯಲ್ಲಿ ಎರಡು ಬಾಳೆಹಣ್ಣು, ಒಂದು ಬ್ರೆಡ್ ಪ್ಯಾಕೆಟ್. ಹಿಂದೆ ಹದಿನೈದು ಮಂದಿ ನಿಂತು ಕ್ಯಾಮೆರಾ ನೋಡುತ್ತಿರುತ್ತಾರೆ. ಕೆಳಗೆ 'ವೃದ್ಧಾಶ್ರಮದಲ್ಲಿ ಹಣ್ಣು ವಿತರಣೆ' ಎಂಬ ಸಾಲು. ಕೊಟ್ಟ ಹದಿನೈದು ಜನರ ಹೆಸರೂ ಇರುತ್ತದೆ. ತೆಗೆದುಕೊಂಡವರದ್ದು ಒಂದೂ ಇರುವುದಿಲ್ಲ.

ಕೊಡುವುದು ತಪ್ಪು ಎಂದು ನಾವು ಹೇಳುತ್ತಿಲ್ಲ. ಶರಣಬಸವೇಶ್ವರರ ದಾಸೋಹದ ಊರಿದು, ಇಲ್ಲಿ ಅನ್ನ ಕೊಡುವವರಿಗೆ ಬರ ಬಂದಿಲ್ಲ. ಆದರೆ ಒಂದೇ ದಿನ ನಾಲ್ಕು ತಂಡ ಬಂದು ನಾಲ್ಕು ಡಜನ್ ಬಾಳೆಹಣ್ಣು ಕೊಟ್ಟುಹೋದರೆ ಸಕ್ಕರೆ ಕಾಯಿಲೆ ಇರುವ ಮುತ್ಯಾ ಅದನ್ನು ಏನು ಮಾಡಬೇಕು? ಮುಂದಿನ ಎರಡು ತಿಂಗಳು ಯಾರೂ ಬರುವುದಿಲ್ಲ. 'ಹೊಟ್ಟಿ ಚಿಂತಿಲ್ಲ ತಮ್ಮಾ, ಮಾತಾಡ್ಲಾಕ್ ಮಂದಿ ಇಲ್ಲ.' ಇಂಥ ಕಡೆ ಹೋದರೆ ಒಬ್ಬರಲ್ಲ ಒಬ್ಬರು ಆಡುವ ಮಾತಿದು.

ಒಂಟಿತನ ಎಂದರೆ ಬರೀ ಬೇಸರ ಎಂದು ತಿಳಿದವರಿಗೆ ಒಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಒಂದು ವರದಿ ಕೊಟ್ಟಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ 8.71 ಲಕ್ಷಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ ಎನ್ನುತ್ತದೆ ಅದು. ಬಿಪಿ, ಶುಗರ್‌ಗೆ ಗುಳಿಗೆ ಕೊಡಲು ಆಶ್ರಮಕ್ಕೆ ನರ್ಸ್ ಬರಬಹುದು. ಒಂಟಿತನಕ್ಕೆ ಗುಳಿಗೆ ಎಲ್ಲಿ ತರುವುದು?

ಕಾನೂನು ಇದೆಯಲ್ಲ ಎನ್ನಬಹುದು. ಹೌದು, ಪೋಷಕರು ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆಯ 2007ರ ಕಾಯ್ದೆ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಹೊಲ ಮನೆ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಲು ದಾರಿ ಇದೆ. ಊರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ, ಹೇಳಿ. ಜಿಲ್ಲೆಗೊಂದು, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಇರುವ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದು ಎಂದೂ ಅದರಲ್ಲಿದೆ. ('ಬಹುದು' ಎಂಬ ಒಂದು ಪದದಲ್ಲಿ ಎಷ್ಟು ಕಟ್ಟಡಗಳು ಕಾಗದದಲ್ಲೇ ಉಳಿಯುತ್ತವೆ ನೋಡಿ.) ಆದರೆ ದಿನಕ್ಕೆ ಹತ್ತು ನಿಮಿಷ ಮಾತಾಡು ಎಂದು ಯಾವ ಅಧಿಕಾರಿಯೂ ಮಗನಿಗೆ ಆದೇಶ ಕೊಡಲಾರ.

ಈ ಕೆಲಸ ವಿದ್ಯಾರ್ಥಿಗಳದ್ದು ಎಂಬುದು ನಮ್ಮ ವಾದ. ಮಕ್ಕಳ ಮೇಲೆ ಇನ್ನೊಂದು ಹೊರೆ ಹಾಕುವ ಆಸೆ ನಮಗಿಲ್ಲ, ವಿದ್ಯಾರ್ಥಿಗಳಿಗೂ ಅದು ಬೇಕಾಗಿದೆ ಎಂಬ ಕಾರಣಕ್ಕೆ ಹೇಳುತ್ತಿದ್ದೇವೆ. ಕಮಲಾಪುರ, ಚಿಂಚೋಳಿ, ಆಳಂದ, ಸೇಡಂ ಕಡೆಯ ಎಷ್ಟು ಹುಡುಗ ಹುಡುಗಿಯರು ಕಲಬುರಗಿಯಲ್ಲಿ ರೂಮು ಮಾಡಿಕೊಂಡು, ಹಾಸ್ಟೆಲ್‌ನಲ್ಲಿ ಇದ್ದು ಓದುತ್ತಿದ್ದಾರೆ! ಜಗತ್ ವೃತ್ತದಲ್ಲಿ ಸಂಜೆ ಚಹಾದಂಗಡಿ ಮುಂದೆ ನಿಂತು ನೋಡಿ. ನಾಲ್ಕು ಜನ ಸ್ನೇಹಿತರು, ನಾಲ್ಕು ಮೊಬೈಲು, ಮಾತಿಲ್ಲ. ಊರಲ್ಲಿ ಆಯಿಯ ಮಗ್ಗುಲಲ್ಲಿ ಮಲಗಿ ಬೆಳೆದ ಹುಡುಗಿಗೆ ಇಲ್ಲಿ 'ಉಂಡೇನವ್ವಾ' ಎಂದು ಕೇಳುವವರಿಲ್ಲ. ಅತ್ತ ಆಶ್ರಮದಲ್ಲಿ ಹಾಗೆ ಕೇಳಲು ಕಾದು ಕೂತವರಿದ್ದಾರೆ.

ಬೇರೆ ಕಡೆ ಇದನ್ನು ಮಾಡಿ ತೋರಿಸಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಎಂಬ ಊರಿನಲ್ಲಿ ಹ್ಯುಮಾನಿಟಾಸ್ ಎಂಬ ವೃದ್ಧಾಶ್ರಮ ಕಾಲೇಜು ಹುಡುಗರಿಗೆ ಬಾಡಿಗೆ ಇಲ್ಲದೆ ಕೋಣೆ ಕೊಟ್ಟಿತು. ಷರತ್ತು ಇಷ್ಟೇ: ತಿಂಗಳಿಗೆ 30 ತಾಸು ಹಿರಿಯರಿಗೆ ಒಳ್ಳೆಯ ನೆರೆಯವರಾಗಿ ಇರಬೇಕು. ಮುಂಬೈನಲ್ಲಿ 2022ರಲ್ಲಿ ಶಾಂತನು ನಾಯ್ಡು ಎಂಬ ಯುವಕ ಶುರು ಮಾಡಿದ ಗುಡ್‌ಫೆಲೋಸ್‌ಗೆ ರತನ್ ಟಾಟಾ ಹಣ ಹಾಕಿದರು. ಅಲ್ಲಿ ಹಿರಿಯರು ಶುಲ್ಕ ಕೊಟ್ಟು ಯುವಕರ ಒಡನಾಟ ಪಡೆಯುತ್ತಾರೆ. ನಮ್ಮ ಕಡೆ ಸಂಧ್ಯಾ ಸುರಕ್ಷಾದ 1,200 ರೂಪಾಯಿಯಲ್ಲಿ ತಿಂಗಳು ಕಳೆಯುವ ಆಯಿಗೆ ಅದು ಆಗದ ಮಾತು.

ನಮಗೆ ಹತ್ತಿರದ ದಾರಿ ಎನ್‌ಎಸ್‌ಎಸ್. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ತಾಸಿನಂತೆ ಎರಡು ವರ್ಷ ಸೇವೆ ಮಾಡಬೇಕು. ಆ 120ರಲ್ಲಿ 40 ತಾಸನ್ನು ಇದಕ್ಕೆ ಇಟ್ಟರೆ ವಾರಕ್ಕೊಂದು ತಾಸಿನಂತೆ 40 ವಾರ ಆಯಿತು.  ಕಾಲೇಜಿನ ಅಂಗಳದ ಕಸ ಗುಡಿಸುವುದಕ್ಕಿಂತ ಇದೇನು ಕಡಿಮೆ ಸೇವೆ ಅಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ.

ಆದರೆ ನೂರು ಸ್ವಯಂಸೇವಕರನ್ನು ಒಟ್ಟಿಗೆ ಕರೆದೊಯ್ದು, ಹಾಡು ಹೇಳಿಸಿ, ವಾಪಸ್ ಕರೆತರಬೇಡಿ. ಅದು ಇನ್ನೊಂದು ಹಣ್ಣು ವಿತರಣೆ ಆಗುತ್ತದೆ. ಒಬ್ಬ ವಿದ್ಯಾರ್ಥಿ, ಒಬ್ಬರೇ ಹಿರಿಯರು, ಪ್ರತಿವಾರ ಅದೇ ದಿನ. 'ಶನಿವಾರ ನಮ್ಮ ಹುಡುಗ ಬರ್ತಾನ' ಎಂದು ಅವರು ಪಕ್ಕದ ಮಂಚದವರಿಗೆ ಹೇಳುವಂತಾಗಬೇಕು. ಹೋಗಲು ಆಗದಿದ್ದರೆ ಫೋನ್ ಮಾಡಿ ತಿಳಿಸಬೇಕು. ಮಕ್ಕಳು 'ಮುಂದಿನ ವಾರ ಬರ್ತೀವಿ' ಎಂದು ಹೇಳಿ ಬಾರದೇ ಹೋದದ್ದನ್ನು ಒಮ್ಮೆ ಉಂಡವರು ಅವರು. ನೀವೂ ಅದನ್ನೇ ಮಾಡುವುದಾದರೆ ಹೋಗದೇ ಇರುವುದೇ ವಾಸಿ.

ಹೋಗಿ ಏನು ಮಾತಾಡಬೇಕು ಎಂದು ಹುಡುಗರು ಕೇಳುತ್ತಾರೆ. 'ಮಕ್ಕಳು ಯಾಕೆ ಬಿಟ್ಟರು' ಎಂದು ಮೊದಲ ದಿನವೇ ಕೇಳಬೇಡಿ, ಅವರಾಗಿಯೇ ಹೇಳುವ ತನಕ ಆ ಬಾಗಿಲು ತಟ್ಟಬೇಡಿ. ಎಪ್ಪತ್ತೆರಡರ ಬರದಲ್ಲಿ ಏನು ಉಂಡಿರಿ ಎಂದು ಕೇಳಿ. ಕಲಬುರಗಿಯ ಎಂಎಸ್‌ಕೆ ಮಿಲ್ ನಡೆಯುತ್ತಿದ್ದ ಕಾಲ, ಶಹಾಬಾದ್ ಕಲ್ಲಿನ ಗಣಿ, ಕಮಲಾಪುರದ ಕೆಂಬಾಳೆ ತೋಟಗಳ ಕೂಲಿ ಕೇಳಿ. ತೀರ ಹಿರಿಯರಾದರೆ ರಜಾಕಾರರ ಹಾವಳಿಗೆ ಮನೆಯವರು ಊರು ಬಿಟ್ಟ ಕತೆ ಇರುತ್ತದೆ. ಹೈದರಾಬಾದ್ ಕರ್ನಾಟಕ 1948ರ ಸೆಪ್ಟೆಂಬರ್ 17ರಂದು ಬಿಡುಗಡೆ ಆಯಿತು ಎಂದು ಪುಸ್ತಕದಲ್ಲಿ ಒಂದು ಸಾಲಿದೆ. ಆ ದಿನ ಕಂಡವರು ಇನ್ನೆಷ್ಟು ವರ್ಷ ಸಿಗುತ್ತಾರೆ?

ಮಾತಿನ ಜೊತೆ ಕೆಲಸವೂ ಇದೆ. ಪೇಪರ್ ಓದಿ ಹೇಳುವುದು, ಮೊಮ್ಮಗಳಿಗೆ ವಿಡಿಯೊ ಕಾಲ್ ಹಚ್ಚಿಕೊಡುವುದು, ನಿಂತುಹೋದ ಪಿಂಚಣಿಯ ಅರ್ಜಿ ಬರೆದುಕೊಡುವುದು. ನೌಕರಿಯಿಂದ ನಿವೃತ್ತರಾದವರು ನವೆಂಬರ್‌ನಲ್ಲಿ ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನು ಈಗ ಮೊಬೈಲ್‌ನಲ್ಲಿ ಮುಖ ತೋರಿಸಿಯೇ ಕೊಡಬಹುದು. ಆದರೆ ಎಟಿಎಂ ಪಿನ್, ಪಾಸ್‌ಬುಕ್ ಮಾತ್ರ ಮುಟ್ಟಬೇಡಿ, ಹಣದ ವ್ಯವಹಾರಕ್ಕೆ ಆಶ್ರಮದವರನ್ನು ಕರೆಯಿರಿ. ಮೈಮೇಲೆ ಬಾಸುಂಡೆ ಕಂಡರೆ, ಊಟ ಸರಿಯಿಲ್ಲ ಎಂದು ಗೊತ್ತಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಹೇಳಿ. ವಾರವಾರ ಹೊರಗಿನವರು ಬಂದು ಹೋಗುತ್ತಾರೆ ಎಂದರೆ ಆಶ್ರಮ ನಡೆಸುವವರೂ ಎಚ್ಚರ ಇರುತ್ತಾರೆ. ಒಳ್ಳೆಯದಾಗಿ ನಡೆಸುವವರಿಗೆ ಇದರಿಂದ ಅಂಜಿಕೆ ಏನಿಲ್ಲ.

ಪರರ ಮಕ್ಕಳು ಹೋಗಿ ನೋಡಿಕೊಂಡರೆ ಹೆತ್ತ ಮಕ್ಕಳು ಇನ್ನೂ ಆರಾಮಾಗುತ್ತಾರೆ ಎಂದು ಕೆಲವರು ವಾದಿಸುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಬಿಟ್ಟುಹೋಗುವ ಮಗ ವಿದ್ಯಾರ್ಥಿ ಬರುತ್ತಾನೋ ಇಲ್ಲವೋ ನೋಡಿ ಬಿಟ್ಟುಹೋಗುವುದಿಲ್ಲ. ಎಲ್ಲರೂ ಬಿಟ್ಟು ಹೋದವರೇ ಎಂದೂ ಅಲ್ಲ. ಮಕ್ಕಳೇ ಇಲ್ಲದವರಿದ್ದಾರೆ, ಮಗ ಸತ್ತವರಿದ್ದಾರೆ, ಪುಣೆಯಲ್ಲಿ ಗಾರೆ ಕೆಲಸ ಮಾಡಿ ತಗಡಿನ ಶೆಡ್ಡಿನಲ್ಲಿ ಇರುವ ಮಗನ ಜೊತೆ ಹೋಗಲಾರದವರೂ ಇದ್ದಾರೆ.

ಈ ಕೊನೆಯವರನ್ನು ನೋಡಲು ಕಲಬುರಗಿಗೇ ಬರಬೇಕಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಕಮಲಾಪುರ ತಾಲ್ಲೂಕಿನ ತಾಂಡಾ, ಹಳ್ಳಿಗಳಲ್ಲಿ ತಿರುಗಿ. ದುಡಿಯುವ ಮಂದಿ ಮುಂಬೈ, ಪುಣೆ, ಹೈದರಾಬಾದ್ ಹಿಡಿದಿರುತ್ತಾರೆ. ಕಟ್ಟೆ ಮೇಲೆ ಮುತ್ಯಾ, ಬಾಗಿಲಲ್ಲಿ ಆಯಿ. ಬೋರ್ಡ್ ಹಾಕಿಲ್ಲ ಅಷ್ಟೇ, ಅದೂ ವೃದ್ಧಾಶ್ರಮವೇ. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರ ನಿಮ್ಮೂರಿಗೆ ಬಂದರೆ ಪಂಚಾಯಿತಿಯವರು ಚರಂಡಿಯ ಜೊತೆ ಆ ಮನೆಗಳನ್ನೂ ತೋರಿಸಲಿ.

ಇನ್ನೊಂದು ಮಾತು ಕಾಲೇಜಿನವರಿಗೆ. ಕೊನೆಯ ಸೆಮಿಸ್ಟರ್ ಮುಗಿದು ಹುಡುಗ ಊರಿಗೆ ಹೊರಟಾಗ ಆ ಶನಿವಾರಕ್ಕೆ ಯಾರು? ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಜೂನಿಯರ್ ಒಬ್ಬನನ್ನು ಜೊತೆಗೆ ಕರೆದೊಯ್ದು, 'ಮುತ್ಯಾ, ಮುಂದ ಇಂವ ಬರ್ತಾನ' ಎಂದು ಕೈಗೆ ಕೈ ಕೊಟ್ಟು ಬರಲಿ. ಆ ಪಟ್ಟಿ ಇಡುವ ಕೆಲಸವನ್ನು ಎನ್‌ಎಸ್‌ಎಸ್ ಅಧಿಕಾರಿಯೇ ಹೊರಬೇಕು, ಹುಡುಗರ ಮೇಲೆ ಬಿಡಬಾರದು.